ಸಮುದಾಯಪಾಲಿತ ತಂತ್ರಾಂಶ ಭಂಡಾರಗಳಲ್ಲಿ ರಕ್ಷಣಾ ಪರಿಷ್ಕರಣ

ದಕ್ಷಿಣ ಕನ್ನಡದ ಬಂಟವಾಳ ತಾಲ್ಲೂಕಿಗೆ ಸೇರಿದ ಕನ್ಯಾನವು ಕರ್ನಾಟಕದ ಅಂಚಿನಲ್ಲಿರುವ ಗ್ರಾಮ. ಅದರಿಂದಾಚೆಗೆ ಬಾಯಾರು, ಪೈವಳಿಕೆ ಮೊದಲಾದ ಊರುಗಳು ಕೇರಳ ರಾಜ್ಯದ ಮಂಜೇಶ್ವರ ತಾಲ್ಲೂಕಿನವು. ೧೯೫೬ರ ನವೆಂಬರ್ ೧ರಂದು ರಾಜ್ಯಗಳ ಪುನರ್ವಿಂಗಡಣೆಯಾಗುವವರೆಗೆ ಇವೆಲ್ಲವೂ ಒಂದೇ ಜಿಲ್ಲೆಯವಾಗಿದ್ದುವು. ಗಡಿಯ ಎರಡು ಕಡೆಗಳಲ್ಲಿಯೂ ಕನ್ನಡ ಶಾಲೆಗಳು ಇಂದಿಗೂ ನಡೆಯುತ್ತಿವೆ. ಆದರೆ ಒಂದು ವಿಷಯದಲ್ಲಿ ಆಚೆಯ ಶಾಲೆಗಳ ಸ್ಥಿತಿಯು ವಿಶಿಷ್ಟವಾಗಿದೆ. ೨೦೦೧ರಲ್ಲಿ ಕೇರಳ ಸರ್ಕಾರವು ‘ಐಟಿ ಅಟ್ ಸ್ಕೂಲ್’ ಎಂಬ ಯೋಜನೆಯನ್ನು ತೊಡಗಿತು. ೨೦೧೭ರಲ್ಲಿ ಅದು ‘ಕೈಟ್’ ಎಂಬ ಸಂಸ್ಥೆಯ ರೂಪವನ್ನು ತಾಳಿತು. ಮೂಲಪಾಠವನ್ನು ಮುಚ್ಚಿಟ್ಟು ಮಾರತಕ್ಕ ತಂತ್ರಾಂಶವನ್ನು ಕ್ರಮೇಣ ಬಿಟ್ಟು, ಯಾರು ಬೇಕಾದರೂ ಓದಿ, ನಕಲುಮಾಡಿ, ತಿದ್ದಿ, ಹಂಚಬಹುದಾದ ಮುಕ್ತ ತಂತ್ರಾಂಶವನ್ನೇ ಈ ಯೋಜನೆಯು ಅಂಗೀಕರಿಸಿತು. ಇಂದು ಆ ಶಾಲೆಗಳ ಗಣಕಯಂತ್ರಗಳಲ್ಲಿ ನಡೆಯುತ್ತಿರುವ ‘ಕೈಟ್ ಗ್ನೂ/ಲಿನಕ್ಸ್’ ಎಂಬುದು ಉಬುಂಟು ಎಂಬ ಕಾರ್ಯಾಚರಣಾ ವ್ಯವಸ್ಥೆಯ ಮೇಲೆ ಕಟ್ಟಿದುದು. ಅದು ೨ ಲಕ್ಷಕ್ಕೂ ಮಿಕ್ಕ ಯಂತ್ರಗಳಲ್ಲಿ ನೆಲಸಿದೆಯೆಂದು ೨೦೧೯ರಲ್ಲಿ ಪ್ರಕಟವಾಗಿತ್ತು. ಈ ವಿಷಯದ ಪಾಠಪುಸ್ತಕಗಳು ಕನ್ನಡದಲ್ಲಿಯೂ ಅಚ್ಚಾಗುತ್ತವೆ. ಹೀಗಾಗಿ ಕಾಸರಗೋಡಿನ ಕನ್ನಡ ವಿದ್ಯಾರ್ಥಿಯು ತನಗೆ ತಿಳಿಯದಂತೆಯೇ ಜಗತ್ತಿನ ಒಂದು ದೊಡ್ಡ ಗ್ರಂಥಭಂಡಾರದ ಓದುಗನಾಗಿದ್ದಾನೆ. ಆ ಭಂಡಾರದಲ್ಲಿ ಪಾಠಶೋಧನೆಯು ಹೇಗೆ ನಡೆಯುವುದು, ಯಾರಿಂದ ನಡೆಯುವುದು, ಎಲ್ಲಿ ನಡೆಯದೆ ಉಳಿಯುವುದು ಎಂಬುದನ್ನು ನಿರೂಪಿಸುವುದೇ ಈ ಲೇಖನದ ಉದ್ದೇಶ.

‘ಭಂಡಾರ’ವೆಂಬ ಮಾತು ಇಲ್ಲಿ ಕೇವಲ ಅಲಂಕಾರವಲ್ಲ. ಮುಕ್ತ ವ್ಯವಸ್ಥೆಗಳಲ್ಲಿ ಪ್ರತಿಯೊಂದು ತಂತ್ರಾಂಶವನ್ನೂ ಅದರ ಕರ್ತೃವಿನಿಂದ ನೇರವಾಗಿ ತರಿಸಿಕೊಳ್ಳುವ ವಾಡಿಕೆಯಿಲ್ಲ. ಮಧ್ಯದಲ್ಲಿ ಒಂದು ಸಂಗ್ರಹಾಲಯವಿರುವುದು. ಕರ್ತೃವು ಬರೆದ ಮೂಲವನ್ನು ಒಬ್ಬ ಪಾಲಕನು ಪಡೆದು, ವ್ಯವಸ್ಥೆಗೆ ಹೊಂದುವಂತೆ ಸಿದ್ಧಪಡಿಸಿ, ಬೇಕಾದ ಉಪಾಂಗಗಳ ಪಟ್ಟಿಯನ್ನು ಸೇರಿಸಿ, ಒಂದು ಕಟ್ಟಾಗಿ ಕಟ್ಟಿ ಇಡುತ್ತಾನೆ. ಬಳಕೆಯಲ್ಲಿ ಇದನ್ನು ‘ಪ್ಯಾಕೇಜು’ ಎನ್ನುತ್ತಾರೆ, ಓಲೆಯ ಕಟ್ಟುಗಳನ್ನು ಬಲ್ಲವರಿಗೆ ‘ಕಟ್ಟು’ ಎಂಬ ಹೆಸರೇ ಸಾಕು. ೧೯೯೩ರಲ್ಲಿ ಇಯಾನ್ ಮರ್ಡಾಕನು ಸ್ಥಾಪಿಸಿದ ಡೆಬಿಯನ್ ಎಂಬುದು ಇಂಥ ಭಂಡಾರಗಳಲ್ಲಿ ಪ್ರಸಿದ್ಧವಾದುದು. ೨೦೨೩ರ ಜೂನ್ ತಿಂಗಳಲ್ಲಿ ಹೊರಬಂದ ಅದರ ೧೨ನೆಯ ಆವೃತ್ತಿಯಲ್ಲಿ ೬೪,೪೧೯ ಕಟ್ಟುಗಳಿದ್ದುವು. ಉಬುಂಟು ೨೦೦೪ರಲ್ಲಿ ಡೆಬಿಯನ್ನಿನಿಂದಲೇ ಕವಲೊಡೆದುದು. ಅದನ್ನು ನಡೆಸುವ ಕಂಪನಿಯ ಹೆಸರು ಕೆನೋನಿಕಲ್.

ಉಬುಂಟುವಿನ ಭಂಡಾರವು ಬೇರೆ ಬೇರೆ ಕಪಾಟುಗಳಾಗಿ ವಿಂಗಡಿಸಲ್ಪಟ್ಟಿದೆ. ಅವುಗಳಲ್ಲಿ ಎರಡನ್ನು ಇಲ್ಲಿ ಗಮನಿಸಬೇಕು. ‘ಮೇನ್’ ಎಂಬುದರಲ್ಲಿ ಸುಮಾರು ೨,೩೦೦ ಕಟ್ಟುಗಳಿವೆ. ಅವುಗಳ ದೋಷಪರಿಹಾರವನ್ನು ಕಂಪನಿಯ ವೇತನಭೋಗಿಗಳು ನಿಶ್ಚಿತ ಅವಧಿಯವರೆಗೆ ಮಾಡುವರೆಂದು ವಾಗ್ದಾನವಿದೆ. ‘ಯೂನಿವರ್ಸ್’ ಎಂಬುದರಲ್ಲಿ ೨೩,೦೦೦ಕ್ಕೂ ಮಿಕ್ಕಿ ಇವೆ. ಇವು ಸಮುದಾಯದ ಪಾಲಿನವು. ಸಮುದಾಯವೆಂದರೆ ದೇಶದೇಶಗಳಲ್ಲಿ ಚದರಿಹೋಗಿರುವ ಸ್ವಯಂಸೇವಕರು. ಒಂದಕ್ಕೆ ಹತ್ತು ಎಂಬ ಈ ಪ್ರಮಾಣವನ್ನು ಮನಸ್ಸಿನಲ್ಲಿಡಬೇಕು. ಕಚೇರಿಯ ಬರವಣಿಗೆಗೆ ಬೇಕಾದ ಲಿಬ್ರೆ ಆಫೀಸ್ ಮೊದಲನೆಯ ಕಪಾಟಿನದು. ಶಾಲೆಯ ಪಾಠಗಳಲ್ಲಿ ಬರುವ ಗಿಂಪ್, ಇಂಕ್‌ಸ್ಕೇಪ್, ಚಿಕ್ಕ ಮಕ್ಕಳ ಜಿಕಾಂಪ್ರಿ, ಟಕ್ಸ್ ಪೇಂಟ್ ಇವೆಲ್ಲವೂ ಎರಡನೆಯದರವು. ಅಚ್ಚಾದ ಹಳೆಯ ಕನ್ನಡ ಪುಟದ ಚಿತ್ರವನ್ನು ಅಕ್ಷರಗಳನ್ನಾಗಿ ಮಾರ್ಪಡಿಸುವ ಟೆಸರಾಕ್ಟ್ ಎಂಬ ಸಾಧನವೂ ಎರಡನೆಯದರದೇ. ಅದನ್ನು ನೆಚ್ಚಿ ಕೆಲಸಮಾಡುವ ಸಂಶೋಧಕರು ಇದನ್ನು ವಿಚಾರಿಸಿದುದು ವಿರಳ.

ಸಮುದಾಯಪಾಲಿತವೆಂದ ಮಾತ್ರಕ್ಕೆ ಕೀಳೆಂದು ಭಾವಿಸಲಾಗದು. ಸ್ವಯಂಸೇವಕರ ಪಾಂಡಿತ್ಯವು ವೇತನಭೋಗಿಗಳ ಪಾಂಡಿತ್ಯವನ್ನು ಮೀರಿದ ನಿದರ್ಶನಗಳು ಹೇರಳವಾಗಿವೆ. ಡೆಬಿಯನ್ ಭಂಡಾರವೇ ಹಾಗೆ ಬೆಳೆದು ನಿಂತುದು. ವ್ಯತ್ಯಾಸವಿರುವುದು ಗುಣದಲ್ಲಲ್ಲ, ಹೊಣೆಯಲ್ಲಿ.

ತಂತ್ರಾಂಶದಲ್ಲಿ ರಕ್ಷಣಾದೋಷವೆಂದರೆ ಏನು? ಗ್ರಂಥದ ಅಪಪಾಠವು ಓದುವವನನ್ನು ತಪ್ಪುದಾರಿಗೆ ಎಳೆಯಬಹುದೇ ಹೊರತು ಅವನ ಮನೆಯ ಬಾಗಿಲನ್ನು ತೆರೆಯಲಾರದು. ತಂತ್ರಾಂಶದ ಅಪಪಾಠವಾದರೋ ಅದನ್ನೂ ಮಾಡಬಲ್ಲುದು. ಕಾರಣವೇನೆಂದರೆ, ಯಂತ್ರವು ಪಾಠವನ್ನು ಓದುವುದಷ್ಟೇ ಅಲ್ಲ, ಓದಿದಂತೆ ನಡೆಯುತ್ತದೆ. ಹಳೆಯ ಪುಸ್ತಕಗಳ ಪುಟಚಿತ್ರಗಳನ್ನು ಸಂಗ್ರಹಿಸಿಡಲು ಡೇಜಾವೂ ಎಂಬ ಒಂದು ರೂಪವಿದೆ. ಕನ್ನಡದ ಹಳೆಯ ಮುದ್ರಿತ ಗ್ರಂಥಗಳನ್ನು ಹುಡುಕುವವರಿಗೂ ಇದು ಎದುರಾಗುವುದುಂಟು. ಇಂಥ ಕಡತಗಳ ಮೇಲಣ ವಿವರಣೆಯನ್ನು, ಎಂದರೆ ದಿನಾಂಕ ಕರ್ತೃನಾಮ ಮುಂತಾದವನ್ನು, ಓದುವ ಎಕ್ಸಿಫ್‌ಟೂಲ್ ಎಂಬ ಸಾಧನದಲ್ಲಿ ೨೦೨೧ರ ಏಪ್ರಿಲಿನಲ್ಲಿ ಒಂದು ದೋಷವು ಬಯಲಾಯಿತು. ಡೇಜಾವೂ ಕಡತದ ಟಿಪ್ಪಣಿಯ ಭಾಗದಲ್ಲಿ ಒಂದು ಬಗೆಯ ವಾಕ್ಯವನ್ನು ಉಪಾಯವಾಗಿ ಬರೆದಿಟ್ಟರೆ, ಸಾಧನವು ಅದನ್ನು ಟಿಪ್ಪಣಿಯೆಂದು ಓದುವುದಕ್ಕೆ ಬದಲಾಗಿ ತನಗಿತ್ತ ಆಜ್ಞೆಯೆಂದು ತಿಳಿದು ನಡಸಿಬಿಡುತ್ತಿತ್ತು. ಪುಸ್ತಕವನ್ನು ತೆರೆಯುವುದೂ ಬೇಡ, ಅದರ ಹಣೆಬರಹವನ್ನು ಓದಿದರೆ ಸಾಕು. ೧೨.೨೪ನೆಯ ಆವೃತ್ತಿಯಲ್ಲಿ ಇದನ್ನು ಸರಿಪಡಿಸಿದರು. ಅಕ್ಷರಗಳೇ ನಿರಪಾಯವಲ್ಲ. ತೆರೆಯ ಮೇಲೆ ಅಕ್ಷರದ ರೂಪವನ್ನು ಬರೆಯುವ ಫ್ರೀಟೈಪ್ ಎಂಬ ತಂತ್ರಾಂಶವು ಕನ್ನಡದ ಒತ್ತಕ್ಷರಗಳನ್ನೂ ಲ್ಯಾಟಿನ್ ಅಕ್ಷರಗಳನ್ನೂ ಸಮಾನವಾಗಿ ಚಿತ್ರಿಸುವುದು. ಅಚ್ಚಿನ ಮೊಳೆಗೆ ಪ್ರತಿಯಾದ ಫಾಂಟಿನೊಳಗೆ ಹುದುಗಿಸಿದ ಚಿತ್ರದ ಅಳತೆಯನ್ನು ಅದು ತಪ್ಪಾಗಿ ಎಣಿಸುತ್ತಿದ್ದುದು ೨೦೨೦ರ ಅಕ್ಟೋಬರಿನಲ್ಲಿ ಗೊತ್ತಾಯಿತು. ಗೊತ್ತಾಗುವ ಹೊತ್ತಿಗೆ ದುಷ್ಕರ್ಮಿಗಳು ಅದನ್ನು ಬಳಸತೊಡಗಿಯೂ ಇದ್ದರು. ಮರುದಿನವೇ ೨.೧೦.೪ ಎಂಬ ತಿದ್ದಿದ ಆವೃತ್ತಿಯು ಹೊರಟಿತು.

ಇನ್ನು ತಿದ್ದುವ ಬಗೆಯನ್ನು ನೋಡಬೇಕು. ಕರ್ತೃವು ತಪ್ಪನ್ನು ತಿದ್ದಿ ಹೊಸ ಆವೃತ್ತಿಯನ್ನು ಪ್ರಕಟಿಸಿದನೆಂದರೆ ಕೆಲಸವು ಮುಗಿಯಲಿಲ್ಲ. ಭಂಡಾರದಲ್ಲಿರುವುದು ಹಳೆಯ ಆವೃತ್ತಿ. ಉಬುಂಟು ೨೨.೦೪ರಲ್ಲಿ ಗಿಂಪ್ ೨.೧೦.೩೦ ಇದೆ, ಚಿತ್ರಕಡತಗಳನ್ನು ಓದುವಾಗ ಒದಗುವ ಕೆಲವು ದೋಷಗಳನ್ನು ಕರ್ತೃಗಳು ಪರಿಹರಿಸಿದುದು ೨೦೨೩ರ ನವೆಂಬರಿನಲ್ಲಿ ಬಂದ ೨.೧೦.೩೬ರಲ್ಲಿ. ಹೊಸದನ್ನೇ ತಂದಿರಿಸಿದರೆ ಆಗದೆ ಎಂದು ಕೇಳಬಹುದು. ಆಗದು, ಹೊಸ ಆವೃತ್ತಿಯಲ್ಲಿ ತಿದ್ದುಪಡಿಯ ಜತೆಗೆ ನೂರೆಂಟು ಬದಲಾವಣೆಗಳಿರುತ್ತವೆ, ಅವು ಬೇರೆ ಉಪಾಂಗಗಳನ್ನು ಅಪೇಕ್ಷಿಸುತ್ತವೆ, ಹಳೆಯದನ್ನು ನಂಬಿ ನಡೆಯುತ್ತಿದ್ದ ಇನ್ನೊಂದು ಕಟ್ಟು ಸಡಿಲವಾಗುತ್ತದೆ, ಪಾಠಪುಸ್ತಕದಲ್ಲಿ ಅಚ್ಚಾದ ಚಿತ್ರಕ್ಕೂ ವಿದ್ಯಾರ್ಥಿಯ ತೆರೆಗೂ ಹೊಂದಿಕೆ ತಪ್ಪುತ್ತದೆ. ಆದಕಾರಣ ಪಾಲಕನು ಹೊಸ ಆವೃತ್ತಿಯಿಂದ ಆ ತಿದ್ದುಪಡಿಯೊಂದನ್ನೇ ಬಿಡಿಸಿಕೊಂಡು ಹಳೆಯ ಪಾಠದಲ್ಲಿ ಅದರ ಸ್ಥಾನವನ್ನು ಕಂಡುಹಿಡಿದು ಅಲ್ಲಿ ಸೇರಿಸಬೇಕು. ಇದನ್ನು ‘ಬ್ಯಾಕ್‌ಪೋರ್ಟ್’ ಎನ್ನುತ್ತಾರೆ. ಕೇಳಲು ಸುಲಭ, ಮಾಡಲು ಎಷ್ಟು ಕಷ್ಟವೆಂಬುದನ್ನು ಗ್ರಂಥಸಂಪಾದನೆಯಲ್ಲಿ ಕೈಯಾಡಿಸಿದವರು ಊಹಿಸಬಲ್ಲರು. ಒಂದು ಶಾಖೆಯ ಪ್ರತಿಯಿಂದ ಒಂದು ಪಾಠವನ್ನು ಮಾತ್ರ ಎತ್ತಿ ಇನ್ನೊಂದು ಶಾಖೆಯ ಪ್ರತಿಯಲ್ಲಿ ಕೂಡಿಸುವಾಗ ಛಂದಸ್ಸು, ಅನ್ವಯ, ಹಿಂದುಮುಂದಿನ ಸಂದರ್ಭ ಎಲ್ಲವೂ ನಿಲ್ಲಬೇಕಷ್ಟೆ. ಹತ್ತು ವರ್ಷ ಹಳೆಯದಾದ ಪಾಠದಲ್ಲಿ ಆ ಸ್ಥಾನವೇ ಇಲ್ಲದಿರುವುದೂ ಉಂಟು. ಆಗ ದೋಷವು ಅಲ್ಲಿ ಇಲ್ಲವೆಂದೋ ಅಥವಾ ಬೇರೆ ವೇಷದಲ್ಲಿ ಇದೆಯೆಂದೋ ನಿರ್ಣಯಿಸುವುದು ಪಾಲಕನ ಕೆಲಸವೇ.

ಇದಕ್ಕೆ ಮುಂಚೆ ಒಂದು ಗುಪ್ತವ್ಯವಹಾರವೂ ಉಂಟು. ದೋಷವನ್ನು ಕಂಡವನು ಅದನ್ನು ಸಾರಿಬಿಟ್ಟರೆ ತಿದ್ದುವವರಿಗಿಂತ ಮೊದಲು ಕೆಡುಕರು ಬಳಸಿಕೊಳ್ಳುವರು. ಆದುದರಿಂದ ಮೊದಲು ಕರ್ತೃವಿಗೂ ಪ್ರಮುಖ ಭಂಡಾರಗಳ ರಕ್ಷಣಾಮಂಡಲಿಗಳಿಗೂ ಗುಟ್ಟಾಗಿ ತಿಳಿಸಿ, ತಿದ್ದುಪಡಿ ಸಿದ್ಧವಾದ ಮೇಲೆ ಎಲ್ಲರೂ ಒಂದೇ ದಿನ ಪ್ರಕಟಿಸುವುದು ರೂಢಿ. ದೋಷಕ್ಕೊಂದು ಕ್ರಮಾಂಕವನ್ನೂ ಕೊಡುವರು. ಸಿವಿಇ ಎಂಬ ಈ ಪಟ್ಟಿಯು ೧೯೯೯ರಿಂದ ನಡೆದುಬಂದಿದೆ.

ತಿದ್ದಿದ ಕಟ್ಟು ಭಂಡಾರದಿಂದ ಹೊರಟು ಓದುಗನ ಯಂತ್ರವನ್ನು ಸೇರುವವರೆಗೆ ದಾರಿಯಲ್ಲಿ ಅನೇಕ ಪ್ರತಿಭಂಡಾರಗಳನ್ನು ಹಾದುಬರುತ್ತದೆ. ನಡುವೆ ಯಾರೂ ಅದನ್ನು ಬದಲಿಸಲಿಲ್ಲವೆಂಬುದಕ್ಕೆ ಪ್ರಮಾಣವೇನು? ಈ ಪ್ರಶ್ನೆಯು ಕನ್ನಡ ವಿದ್ವಾಂಸರಿಗೆ ಹೊಸದಲ್ಲ. ಕನ್ಯಾನವಿರುವ ಜಿಲ್ಲೆಯಲ್ಲಿಯೇ ಮೂಡುಬಿದಿರೆಯ ಸಿದ್ಧಾಂತ ಬಸದಿಯಲ್ಲಿ ಧವಲ, ಜಯಧವಲ, ಮಹಾಧವಲಗಳ ತಾಳೆಯೋಲೆಯ ಪ್ರತಿಗಳು ಕನ್ನಡ ಲಿಪಿಯಲ್ಲಿ ರಕ್ಷಿತವಾಗಿ ಬಂದುವು. ಬೇರೆಲ್ಲಿಯೂ ಪುರಾತನ ಪ್ರತಿಗಳಿರಲಿಲ್ಲ. ಹತ್ತೊಂಬತ್ತನೆಯ ಶತಮಾನದ ಕೊನೆಯವರೆಗೆ ಅವು ಪೂಜೆಗೆ ಮಾತ್ರ ಮೀಸಲಾಗಿದ್ದುವು. ಆಮೇಲೆ ನಕಲುಕಾರ್ಯವು ತೊಡಗಿ, ನಕಲಿನ ನಕಲುಗಳು ಉತ್ತರ ದೇಶಕ್ಕೆ ಹೋದುವು. ಹೀರಾಲಾಲ ಜೈನರು ೧೯೩೯ರಲ್ಲಿ ಧವಲೆಯ ಮುದ್ರಣವನ್ನು ಪ್ರಾರಂಭಿಸಿದುದು ಇಂಥ ನಕಲುಗಳ ಆಧಾರದಿಂದಲೇ. ಮುಂದಿನ ಸಂಪುಟಗಳ ಹೊತ್ತಿಗೆ ಮೂಡುಬಿದಿರೆಯ ಓಲೆಗಳೊಡನೆ ಪಾಠವನ್ನು ತಾಳೆನೋಡುವ ಅನುಕೂಲ ದೊರೆಯಿತು. ಮೂಲದೊಡನೆ ತಾಳೆನೋಡುವ ಈ ಕ್ರಿಯೆಯನ್ನು ಡೆಬಿಯನ್, ಉಬುಂಟುಗಳಲ್ಲಿ ‘ಆಪ್ಟ್’ ಎಂಬ ಸಾಧನವು ಪ್ರತಿಯೊಂದು ಕಟ್ಟಿಗೂ ಮಾಡುತ್ತದೆ. ಪ್ರತಿ ಕಟ್ಟಿನ ಪಾಠವನ್ನು ಗಣಿತಕ್ರಮದಿಂದ ಒಂದು ಚಿಕ್ಕ ಅಂಕಮಾಲೆಗೆ ಇಳಿಸುತ್ತಾರೆ. ಒಂದಕ್ಷರ ಬದಲಾದರೂ ಈ ಅಂಕಮಾಲೆಯು ಪೂರ್ತಿಯಾಗಿ ಬೇರೆಯಾಗುವುದು. ಅಂಥ ಅಂಕಮಾಲೆಗಳೆಲ್ಲದರ ಪಟ್ಟಿ, ಆ ಪಟ್ಟಿಯ ಅಂಕಮಾಲೆ, ಅದರ ಮೇಲೆ ಭಂಡಾರದ ಗುಪ್ತಕೀಲಿಯಿಂದೊತ್ತಿದ ಮುದ್ರೆ. ಓದುಗನ ಯಂತ್ರದಲ್ಲಿ ಆ ಕೀಲಿಗೆ ಜೋಡಿಯಾದ ಬಹಿರಂಗಕೀಲಿಯಿರುವುದರಿಂದ ಮುದ್ರೆಯ ಸತ್ಯಾಸತ್ಯವು ಕ್ಷಣಮಾತ್ರದಲ್ಲಿ ತಿಳಿಯುತ್ತದೆ. ಡೆಬಿಯನ್ನಿನಲ್ಲಿ ಇದು ೨೦೦೭ರಲ್ಲಿ ಹೊರಬಂದ ೪.೦ ಆವೃತ್ತಿಯಿಂದ ನೆಲೆಗೊಂಡಿತು.

ಆದರೆ ಮುದ್ರೆಯು ಹೇಳುವುದು ಒಂದೇ ಮಾತು: ಭಂಡಾರದವರು ಕಳುಹಿಸಿದುದು ಇದೇ ಹೌದು ಎಂದು. ಅವರು ಕಳುಹಿಸಿದುದು ಶುದ್ಧಪಾಠವೆಂದು ಅದು ಹೇಳುವುದಿಲ್ಲ. ಈ ಭೇದವನ್ನು ಮರೆತರೆ ಏನಾಗುವುದೆಂಬುದಕ್ಕೆ ಡೆಬಿಯನ್ನಿನ ಚರಿತ್ರೆಯಲ್ಲಿಯೇ ನಿದರ್ಶನವಿದೆ. ಗುಪ್ತಕೀಲಿಗಳನ್ನು ತಯಾರಿಸುವ ಓಪನ್ ಎಸ್‌ಎಸ್‌ಎಲ್ ಎಂಬ ತಂತ್ರಾಂಶದ ಪಾಲಕನೊಬ್ಬನು ೨೦೦೬ರಲ್ಲಿ ಅದರ ಪಾಠವನ್ನು ಪರೀಕ್ಷಾಯಂತ್ರಕ್ಕೆ ಒಡ್ಡಿದಾಗ, ಒಂದೇ ರೂಪದ ಪಂಕ್ತಿಯು ಎರಡು ಕಡೆ ಬಂದಿದ್ದು, ಎರಡಕ್ಕೂ ಆಕ್ಷೇಪಣೆ ಕಾಣಿಸಿತು. ಮೂಲಕರ್ತರ ಬಳಗದಲ್ಲಿ ವಿಚಾರಿಸಿ, ಬಂದ ಉತ್ತರವನ್ನು ಸಮ್ಮತಿಯೆಂದು ಗ್ರಹಿಸಿ, ಅವನು ಎರಡನ್ನೂ ತೆಗೆದುಹಾಕಿದನು. ಒಂದೆಡೆಯಲ್ಲಿ ಆ ಪಂಕ್ತಿಯನ್ನು ತೆಗೆದರೆ ಹಾನಿಯಿರಲಿಲ್ಲ. ಮತ್ತೊಂದೆಡೆಯಲ್ಲಿ ಅದೇ ಪಂಕ್ತಿಯು ಕೀಲಿಯ ಯಾದೃಚ್ಛಿಕತೆಗೆ ಆಧಾರವಾಗಿತ್ತು. ಅದು ಹೋದ ಬಳಿಕ, ಎಣಿಕೆಗೆ ಸಿಕ್ಕದಷ್ಟು ಬಗೆಯಾಗಿರಬೇಕಾಗಿದ್ದ ಕೀಲಿಗಳು ಒಂದೊಂದು ಜಾತಿಗೆ ಹೆಚ್ಚೆಂದರೆ ೩೨,೭೬೮ ಬಗೆಯಾದುವು. ಅಷ್ಟನ್ನೂ ಮೊದಲೇ ತಯಾರಿಸಿಟ್ಟುಕೊಂಡು ಯಾವ ಬೀಗವನ್ನು ಬೇಕಾದರೂ ತೆರೆಯಬಹುದಾಯಿತು. ಈ ಪಾಠವು ಡೆಬಿಯನ್ನಿನ ಮುದ್ರೆಯೊಡನೆ, ಅದರಿಂದ ಉಬುಂಟುವಿಗೂ, ಸುಮಾರು ೨೦ ತಿಂಗಳು ಸಂಚರಿಸಿತು. ಲೂಸಿಯಾನೋ ಬೆಲ್ಲೋ ಎಂಬಾತನು ಕಂಡುಹಿಡಿದ ಮೇಲೆ ೨೦೦೮ರ ಮೇ ೧೩ರಂದು ಅದು ಪ್ರಕಟವಾಯಿತು. ತಂತ್ರಾಂಶವನ್ನು ತಿದ್ದಿದುದರಿಂದಲೇ ಅನರ್ಥವು ತೀರಲಿಲ್ಲ. ಆ ಅವಧಿಯಲ್ಲಿ ಹುಟ್ಟಿದ ಕೀಲಿಗಳೆಲ್ಲವನ್ನೂ ಹುಡುಕಿ ಎಸೆದು ಹೊಸವನ್ನು ಮಾಡಬೇಕಾಯಿತು. ಅರ್ಥವಾಗದ ಪಾಠವನ್ನು ಅಪಪಾಠವೆಂದು ತಿದ್ದಿದ ಲಿಪಿಕಾರರು ಹಳಗನ್ನಡ ಕಾವ್ಯಗಳ ಪ್ರತಿಗಳಲ್ಲಿ ಎಷ್ಟೋ ಮಂದಿಯಿದ್ದಾರೆ. ಅವರಲ್ಲಿ ಸದುದ್ದೇಶವಿಲ್ಲದವನು ಬಹುಶಃ ಒಬ್ಬನೂ ಇಲ್ಲ.

ದುರುದ್ದೇಶದ ಲಿಪಿಕಾರನು ಕಾಣಿಸಿಕೊಂಡುದು ೨೦೨೪ರಲ್ಲಿ. ಕಡತಗಳನ್ನು ಕುಗ್ಗಿಸಿಡುವ ಎಕ್ಸ್‌ಝಡ್ ಎಂಬ ಚಿಕ್ಕ ತಂತ್ರಾಂಶವು ಬಹುಮಟ್ಟಿಗೆ ಒಬ್ಬನೇ ಸ್ವಯಂಸೇವಕನ ಪೋಷಣೆಯಲ್ಲಿತ್ತು. ಜಿಯಾ ತಾನ್ ಎಂಬ ಹೆಸರನ್ನಿಟ್ಟುಕೊಂಡ ವ್ಯಕ್ತಿಯೊಬ್ಬನು, ಅಥವಾ ಗುಂಪೊಂದು, ೨೦೨೧ರಿಂದ ಅದಕ್ಕೆ ಸಣ್ಣಪುಟ್ಟ ಸೇವೆಗಳನ್ನು ಸಲ್ಲಿಸುತ್ತ ನಂಬಿಕೆಯನ್ನು ಗಳಿಸಿ, ಕಡೆಗೆ ಹೊಸ ಆವೃತ್ತಿಗಳನ್ನು ಹೊರಡಿಸುವ ಅಧಿಕಾರವನ್ನು ಪಡೆಯಿತು. ೫.೬.೦ ಮತ್ತು ೫.೬.೧ ಎಂಬ ಆವೃತ್ತಿಗಳಲ್ಲಿ ದೂರದ ಯಂತ್ರಗಳೊಳಗೆ ನುಗ್ಗಲು ಕಳ್ಳಬಾಗಿಲೊಂದು ಅಡಗಿತ್ತು. ಅದರ ವಿಷಭಾಗವು ಪರೀಕ್ಷೆಗೆಂದಿಟ್ಟ ಕಡತಗಳ ಮರೆಯಲ್ಲಿತ್ತು. ಅದನ್ನು ಎಬ್ಬಿಸುವ ಪಂಕ್ತಿಯು ಎಲ್ಲರೂ ನೋಡಬಹುದಾದ ಬಹಿರಂಗ ಪಾಠದಲ್ಲಿರಲಿಲ್ಲ, ಭಂಡಾರಗಳಿಗೆ ಹಂಚಿದ ಪ್ರತಿಯಲ್ಲಿ ಮಾತ್ರವಿತ್ತು. ಡೆಬಿಯನ್ನಿನ ಪರೀಕ್ಷಾವಸ್ಥೆಯ ಶಾಖೆಗೂ ಅದು ಸೇರಿತು. ಆಂಡ್ರೆಸ್ ಫ್ರಾಯಿಂಡ್ ಎಂಬ ತಂತ್ರಜ್ಞನಿಗೆ ತನ್ನ ಯಂತ್ರದ ಪ್ರವೇಶಕಾರ್ಯವು ಸುಮಾರು ಅರ್ಧ ಸೆಕೆಂಡು ನಿಧಾನವಾದುದು ಏಕೆಂದು ಸಂಶಯ ಬಂದು, ಬೆನ್ನುಹತ್ತಿ ಶೋಧಿಸಿ, ಮಾರ್ಚ್ ೨೯ರಂದು ಜಗತ್ತಿಗೆ ತಿಳಿಸಿದನು. ಅರ್ಧ ಸೆಕೆಂಡು! ಡೆಬಿಯನ್ನಿನ ಸ್ಥಿರ ಆವೃತ್ತಿಯು ಹಳೆಯ ಪಾಠವನ್ನೇ ಹಿಡಿದಿದ್ದುದರಿಂದ ಅದಕ್ಕೆ ಸೋಂಕು ತಟ್ಟಲಿಲ್ಲ. ಉಬುಂಟು ೨೪.೦೪ರ ಪರೀಕ್ಷಾಪ್ರತಿಯನ್ನು ಒಂದು ವಾರ ತಡೆದು, ಕಟ್ಟುಗಳನ್ನು ಹೊಸದಾಗಿ ಕಟ್ಟಿದರು. ಹಳೆಯದೆಲ್ಲ ಅಪಾಯ, ಹೊಸದೆಲ್ಲ ಕ್ಷೇಮವೆಂಬ ಸಾಮಾನ್ಯ ನಂಬಿಕೆಯು ಎಷ್ಟು ಟೊಳ್ಳೆಂಬುದು ಈ ಪ್ರಸಂಗದಿಂದ ಗೊತ್ತಾಗುವುದು.

ಮೇಲಿನ ಎರಡು ಪ್ರಸಂಗಗಳೂ ದೊಡ್ಡವು. ಜಗತ್ತೆಲ್ಲ ನೋಡುವ ಕಟ್ಟುಗಳಿಗೆ ಸಂಬಂಧಿಸಿದವು. ಶಾಲೆಯ ಪಾಲಿಗೆ ಬರುವ ನಿಜವಾದ ತೊಡಕು ಇದಕ್ಕಿಂತ ಸದ್ದಿಲ್ಲದುದು. ಹಿಂದೆ ಕನ್ನಡ ಪುಸ್ತಕಗಳ ಕೊನೆಯಲ್ಲಿ ‘ತಪ್ಪು–ಒಪ್ಪು’ ಎಂಬ ಪಟ್ಟಿ ಇರುತ್ತಿತ್ತಷ್ಟೆ. ಪಟ್ಟಿಯಿಲ್ಲದ ಪುಸ್ತಕವನ್ನು ಕಂಡಾಗ ಎರಡು ಊಹೆಗಳಿಗೆ ಎಡೆಯುಂಟು: ತಪ್ಪುಗಳಿಲ್ಲ, ಅಥವಾ ಕರಡನ್ನು ಓದಿದವರಿಲ್ಲ. ಯೂನಿವರ್ಸಿನ ಕಟ್ಟಿಗೆ ವರ್ಷಗಟ್ಟಲೆ ತಿದ್ದುಪಡಿಯೇ ಬಾರದಿದ್ದರೆ ಬಳಕೆದಾರನು ಮೊದಲನೆಯದನ್ನೇ ಊಹಿಸುವನು. ಸತ್ಯವು ಅನೇಕ ವೇಳೆ ಎರಡನೆಯದು. ಮೇನ್ ಕಪಾಟಿನ ಅವಧಿಯು ಮುಗಿಯುವ ದಿನವನ್ನು ಮುಂಚೆಯೇ ಸಾರುತ್ತಾರೆ: ೨೦೧೮ರ ಏಪ್ರಿಲಿನಲ್ಲಿ ಬಂದ ೧೮.೦೪ಕ್ಕೆ ಸಾಮಾನ್ಯ ರಕ್ಷಣೆಯು ೨೦೨೩ರ ಮೇ ತಿಂಗಳಲ್ಲಿ ಮುಗಿಯಿತು. ಯೂನಿವರ್ಸಿನ ಒಂದು ಕಟ್ಟನ್ನು ಅದರ ಪಾಲಕನು ಕೈಬಿಟ್ಟ ದಿನಕ್ಕೆ ಇಂಥ ಸಾರುವಿಕೆಯಿಲ್ಲ. ಅವನಿಗೆ ಬೇರೆ ಉದ್ಯೋಗ ದೊರೆತಿರಬಹುದು, ಆಸಕ್ತಿ ಕುಂದಿರಬಹುದು, ಕಾಯಿಲೆಯಾಗಿರಬಹುದು. ಕಟ್ಟು ಕಪಾಟಿನಲ್ಲಿ ಹಾಗೆಯೇ ಇರುವುದು, ಮುದ್ರೆಯೂ ಇರುವುದು.

ಈ ಮೌನವನ್ನು ನೀಗಿಸಲು ಎರಡು ಬಗೆಯ ಪ್ರಯತ್ನಗಳು ನಡೆದಿವೆ. ಡೆಬಿಯನ್ನಿನವರು ತಮ್ಮಿಂದ ರಕ್ಷಿಸಲಾಗದ, ಇಲ್ಲವೆ ಅಲ್ಪಸ್ವಲ್ಪ ಮಾತ್ರ ರಕ್ಷಿಸಬಲ್ಲ ಕಟ್ಟುಗಳ ಪಟ್ಟಿಯನ್ನು ತಾವೇ ಬರೆದು, ಅದನ್ನೂ ಒಂದು ಕಟ್ಟಾಗಿ ಭಂಡಾರದಲ್ಲಿಟ್ಟಿದ್ದಾರೆ. ಬಳಕೆದಾರನ ಯಂತ್ರದಲ್ಲಿ ಅಂಥವು ಯಾವುವಿವೆಯೆಂದು ಅದು ಎಚ್ಚರಿಸುವುದು. ಪ್ರಾಮಾಣಿಕವಾದ ಕ್ರಮವೆಂದು ಇದನ್ನು ಮೆಚ್ಚಬೇಕು. ಕೆನೋನಿಕಲ್ ಕಂಪನಿಯು ೨೦೨೩ರ ಜನವರಿಯಲ್ಲಿ ‘ಉಬುಂಟು ಪ್ರೋ’ ಎಂಬ ಏರ್ಪಾಟನ್ನು ಪೂರ್ಣರೂಪದಲ್ಲಿ ಜಾರಿಗೆ ತಂದಿತು. ಇದರಿಂದ ಯೂನಿವರ್ಸಿನ ಕಟ್ಟುಗಳಿಗೂ ಹತ್ತು ವರ್ಷಗಳವರೆಗೆ ಕಂಪನಿಯವರ ತಿದ್ದುಪಡಿಗಳು ದೊರೆಯುವುವು. ಸ್ವಂತ ಬಳಕೆಯ ೫ ಯಂತ್ರಗಳವರೆಗೆ ಇದು ಉಚಿತ. ಅದನ್ನು ಮೀರಿದರೆ ಚಂದಾ ತೆರಬೇಕು. ಮನೆಯಲ್ಲಿ ಒಂದೆರಡು ಯಂತ್ರಗಳಿರುವ ಅಧ್ಯಾಪಕರಿಗೆ ಇದರಿಂದ ತೊಂದರೆಯಿಲ್ಲ. ಲಕ್ಷಗಟ್ಟಲೆ ಯಂತ್ರಗಳ ಶಾಲಾವ್ಯವಸ್ಥೆಯ ಲೆಕ್ಕವೇ ಬೇರೆ. ಮುಕ್ತ ತಂತ್ರಾಂಶವನ್ನು ಆರಿಸಿಕೊಂಡುದಕ್ಕೆ ಅಲ್ಲಿ ಹೇಳಲಾದ ಕಾರಣಗಳಲ್ಲಿ ಲೈಸೆನ್ಸಿನ ವೆಚ್ಚವು ಉಳಿಯುವುದೂ ಒಂದಾಗಿತ್ತು. ಪಾಠವು ಬಿಟ್ಟಿಯಾಗಿ ದೊರೆಯಬಹುದು. ಪಾಠಶೋಧನೆಯು ದುಡಿಮೆ, ಅದರ ವೆಚ್ಚವು ಎಲ್ಲಿಯಾದರೂ ಯಾರ ಮೇಲಾದರೂ ಬೀಳದೆ ಇರದು. ಕೈಟ್ ಸಂಸ್ಥೆಯಂತೆ ಭಂಡಾರದಿಂದ ಆಯ್ದು ತನ್ನದೇ ಆದ ಸಂಕಲನವನ್ನು ಮಾಡುವವರು ಆಯ್ದ ಕಟ್ಟುಗಳ ಶೋಧನೆಯ ಒಂದಂಶವನ್ನು ತಾವೇ ವಹಿಸಿಕೊಳ್ಳುವುದು, ಹಾಗೆ ಮಾಡಿದುದನ್ನು ಮೂಲಭಂಡಾರಕ್ಕೆ ಹಿಂದಿರುಗಿಸುವುದು, ಈ ಲೆಕ್ಕದಲ್ಲಿ ಅತ್ಯಂತ ಮಿತವ್ಯಯದ ಮಾರ್ಗವೆಂದು ತೋರುತ್ತದೆ. ಶಾಲೆಗೆ ಬೇಕಾದ ಕಟ್ಟುಗಳು ೨೩,೦೦೦ವಲ್ಲ, ಕೆಲವೇ ಡಜನುಗಳು.

ಹಿಂದಿರುಗಿಸುವ ದಾರಿಯು ತೆರೆದಿದೆ. ಯೂನಿವರ್ಸಿನ ಕಟ್ಟೊಂದರಲ್ಲಿ ರಕ್ಷಣಾದೋಷವನ್ನು ಕಂಡವನು ಯಾರೇ ಆಗಿರಲಿ, ಹಳೆಯ ಪಾಠಕ್ಕೂ ತಿದ್ದಿದ ಪಾಠಕ್ಕೂ ಇರುವ ವ್ಯತ್ಯಾಸವನ್ನು ಮಾತ್ರ ಪಂಕ್ತಿವಾರು ತೋರಿಸುವ ಒಂದು ಪತ್ರವನ್ನು ಸಿದ್ಧಪಡಿಸಿ, ತಾನು ಹೇಗೆ ಪರೀಕ್ಷಿಸಿದೆನೆಂಬ ವಿವರಣೆಯೊಡನೆ ಸಲ್ಲಿಸಬಹುದು. ಉಬುಂಟುವಿನ ರಕ್ಷಣಾಮಂಡಲಿಯವರು ಅದನ್ನು ಓದಿ ಒಪ್ಪಿದರೆ ಮುದ್ರೆಯೊತ್ತಿ ಎಲ್ಲರಿಗೂ ಹಂಚುವರು. ತಿದ್ದುಪಡಿಗಿಂತ ಮುಂಚಿನ ಮೆಟ್ಟಿಲು ಇನ್ನೂ ಸುಲಭವಾದುದು. ‘ಪ್ರೋ ಸೆಕ್ಯುರಿಟಿ-ಸ್ಟೇಟಸ್’ ಎಂಬ ಆಜ್ಞೆಯನ್ನು ಕೊಟ್ಟರೆ, ಆ ಯಂತ್ರದಲ್ಲಿರುವ ಕಟ್ಟುಗಳಲ್ಲಿ ಮೇನಿನವು ಎಷ್ಟು, ಯೂನಿವರ್ಸಿನವು ಎಷ್ಟು, ಯಾವುವಕ್ಕೆ ಯಾವ ವರ್ಷದವರೆಗೆ ರಕ್ಷಣೆಯಿದೆ ಎಂಬ ಪಟ್ಟಿಯು ತೆರೆಯ ಮೇಲೆ ಮೂಡುವುದು. ಕೈಟ್ ಗ್ನೂ/ಲಿನಕ್ಸಿನಲ್ಲಿ ೨೨.೦೪ರ ಮೇಲೆ ನಿರ್ಮಿತವಾದ ಆವೃತ್ತಿಯು ಬಂದಿದೆ. ಅದಕ್ಕೆ ಆಧಾರವಾದ ಉಬುಂಟು ೨೨.೦೪ಕ್ಕೆ ಮೇನ್ ಕಪಾಟಿನ ಸಾಮಾನ್ಯ ರಕ್ಷಣೆಯು ೨೦೨೭ರವರೆಗೆ ಇದೆ.